ಮೊದಲ ಸೆಮಿಸ್ಟರ್ ಯಾರ ಪರೀಕ್ಷೆ?

ಪದವಿ ತರಗತಿಗಳು ಶುರುವಾಗುವ ಹೊತ್ತಿಗೆ ಹೊಸ ವಿದ್ಯಾರ್ಥಿಗಳಿಗೆ ಬುದ್ಧಿಮಾತು ಹೇಳಲು ಎಲ್ಲರೂ ಸಾಲುಗಟ್ಟಿ ನಿಲ್ಲುತ್ತಾರೆ. ವೇಳೆ ಹಾಳು ಮಾಡಬೇಡಿ, ಗ್ರಂಥಾಲಯಕ್ಕೆ ಹೋಗಿ, ಒಳ್ಳೆಯ ಗೆಳೆಯರನ್ನು ಹುಡುಕಿಕೊಳ್ಳಿ, ಮೊಬೈಲ್ ಬದಿಗಿಡಿ, ಮನೆ ನೆನಪಾದರೆ ಎದೆಗುಂದಬೇಡಿ. ಇದರಲ್ಲಿ ತಪ್ಪು ಮಾತು ಒಂದೂ ಇಲ್ಲ. ಆದರೆ ಹೇಳುವವರ ಕಣ್ಣ ಮುಂದೆ ಇರುವುದು ಒಂದೇ ಬಗೆಯ ವಿದ್ಯಾರ್ಥಿ: ಟ್ರಂಕು ಹೊತ್ತು ದೊಡ್ಡ ಊರಿಗೆ ಹೋದವ, ಹಾಸ್ಟೆಲಿನಲ್ಲಿ ಹೊಸಬರ ನಡುವೆ ಮಲಗುವವ, ತಿಂಗಳಿಗೊಮ್ಮೆ ಊರಿಗೆ ಬರುವವ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ದೇವಾಪುರದಂಥ ಊರಿನಿಂದ ಡಿಗ್ರಿಗೆ ಹೆಸರು ಹಚ್ಚುವ ಬಹಳಷ್ಟು ಮಕ್ಕಳು ಈ ಚಿತ್ರದೊಳಗೆ ಬರುವುದೇ ಇಲ್ಲ. ಅವರು ಬೆಳಿಗ್ಗೆ ಬಸ್ಸು ಹತ್ತಿ ಸುರಪುರದ ಕಾಲೇಜಿಗೆ ಹೋಗುತ್ತಾರೆ, ಹೊತ್ತು ಮುಳುಗುವ ಮುಂಚೆ ಮನೆ ಸೇರುತ್ತಾರೆ. ಮನೆ ಅದೇ, ಹೊಲ ಅದೇ, ಗೆಳೆಯರೂ ಬಹುಮಟ್ಟಿಗೆ ಅವರೇ. ವಿಶ್ವವಿದ್ಯಾಲಯವೆಂಬುದು ಅಂಕಪಟ್ಟಿಯ ಮೇಲಿನ ಒಂದು ಹೆಸರು. ಒಂದು ಕಾಲಕ್ಕೆ ಅದು ಕಲಬುರಗಿಯಲ್ಲಿತ್ತು. ಈ ದಶಕದ ಆರಂಭದಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾದ ರಾಯಚೂರು ವಿಶ್ವವಿದ್ಯಾಲಯಕ್ಕೆ ರಾಯಚೂರು, ಯಾದಗಿರಿ ಎರಡೂ ಜಿಲ್ಲೆಗಳ ಕಾಲೇಜುಗಳು ಸೇರಿದ ಮೇಲೆ ರಾಯಚೂರು ಬಳಿಯ ಯರಗೇರಾಕ್ಕೆ ಹೋಯಿತು. ಈಗ ಅದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರಿದೆ. ದೇವಾಪುರದ ವಿದ್ಯಾರ್ಥಿ ಮೂರು ವರ್ಷ ಮುಗಿಸಿದರೂ ಒಮ್ಮೆಯೂ ಅಲ್ಲಿ ಕಾಲಿಡದಿರಬಹುದು. ಹಾಗಿದ್ದರೆ ಮೊದಲ ವರ್ಷ ಈ ವಿದ್ಯಾರ್ಥಿ ಹೊಂದಿಕೊಳ್ಳಬೇಕಾದದ್ದು ಯಾವುದಕ್ಕೆ? ಖಾಲಿ ಪಿರಿಯಡ್ಡುಗಳಿಗೆ, ತಡವಾಗಿ ಬರುವ ಪಠ್ಯಕ್ಕೆ, ತೆರೆಯದ ಪೋರ್ಟಲ್ಲಿಗೆ, ಸುಗ್ಗಿಯ ನಡುವೆ ಬಂದು ನಿಲ್ಲುವ ಪರೀಕ್ಷೆಗೆ. ಇವಕ್ಕೆ ಹೊಂದಿಕೊಳ್ಳಿ ಎಂದು ಹದಿನೆಂಟರ ಮಕ್ಕಳಿಗೆ ಹೇಳುವುದಕ್ಕಿಂತ ಮೊದಲು, ಮೊದಲ ಸೆಮಿಸ್ಟರನ್ನು ಈ ಮಕ್ಕಳ ಅಳತೆಗೆ ಹೊಲಿಯುವ ಕೆಲಸ ವಿಶ್ವವಿದ್ಯಾಲಯದ್ದು ಮತ್ತು ಸರ್ಕಾರದ್ದು ಎಂಬುದು ನನ್ನ ವಾದ.

ಈ ಮಕ್ಕಳು ಯಾರು ಎಂಬುದನ್ನು ಮೊದಲು ನೋಡಬೇಕು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸಿನಲ್ಲಿತ್ತು, ಹೆಣ್ಣುಮಕ್ಕಳದು ಶೇ 41ರಷ್ಟು. ರಾಜ್ಯದಲ್ಲೇ ಕೊನೆಯ ಸ್ಥಾನ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94 ಪಡೆದು ಮೇಲೆ ನಿಂತಾಗ ಯಾದಗಿರಿ ಶೇ 50ರ ಹೊಸ್ತಿಲಲ್ಲಿ ಕೊನೆಗುಳಿಯಿತು. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿಯೂ ಕೊನೆಯ ಹೆಸರು ಇದೇ ಜಿಲ್ಲೆಯದು. ಈ ಅಂಕಿಗಳನ್ನು ಓದಿ ‘ಹಿಂದುಳಿದ ಜಿಲ್ಲೆ’ ಎಂದು ಮರುಗುವುದು ಪ್ರತಿ ವರ್ಷದ ಪದ್ಧತಿಯಾಗಿಬಿಟ್ಟಿದೆ. ಆದರೆ ಅದೇ ಅಂಕಿಗಳಲ್ಲಿ ಇನ್ನೊಂದು ಮಾತೂ ಇದೆ. ಹತ್ತನೆಯ ತರಗತಿಯಲ್ಲಿ ಅರ್ಧದಷ್ಟು, ಪಿಯುನಲ್ಲಿ ಮತ್ತೆ ಅರ್ಧದಷ್ಟು ಮಕ್ಕಳು ಉದುರಿಹೋಗುವ ಜಿಲ್ಲೆಯಲ್ಲಿ ಪದವಿಯ ಬಾಗಿಲಿಗೆ ಬಂದು ನಿಂತವರು ‘ದುರ್ಬಲ ವಿದ್ಯಾರ್ಥಿಗಳು’ ಅಲ್ಲ. ಎರಡು ಜರಡಿ ದಾಟಿ ಬಂದವರು. ಉಡುಪಿಯಲ್ಲಿ ಪಿಯು ಪಾಸಾಗುವುದು ವಾಡಿಕೆ, ಇಲ್ಲಿ ಅದು ಸಾಹಸ. ಇಷ್ಟು ದೂರ ಬಂದವರನ್ನು ಮೊದಲ ಆರು ತಿಂಗಳಲ್ಲಿ ಕಳೆದುಕೊಂಡರೆ ಆ ನಷ್ಟವನ್ನು ವಿದ್ಯಾರ್ಥಿಯ ಖಾತೆಗೆ ಬರೆಯುವುದು ನ್ಯಾಯವಲ್ಲ. ಇವರಲ್ಲಿ ಅನೇಕರು ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರು. ಇಂಟರ್ನಲ್ಸ್ ಎಂದರೇನು, ಹಾಜರಿ ಶೇ 75ಕ್ಕಿಂತ ಕಡಿಮೆಯಾದರೆ ಏನಾಗುತ್ತದೆ, ಒಂದು ವಿಷಯ ಬಾಕಿ ಉಳಿದರೆ ಮುಂದೇನು, ಐಚ್ಛಿಕ ವಿಷಯ ತಪ್ಪಾಗಿ ಆರಿಸಿಕೊಂಡರೆ ಬದಲಿಸಲು ಎಷ್ಟು ದಿನ ಇರುತ್ತದೆ ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲ. ಮೇಷ್ಟರ ಮಗ, ವಕೀಲರ ಮಗಳು ಊಟದ ಹೊತ್ತಿನಲ್ಲಿ ಕೇಳಿ ಕಲಿಯುವುದನ್ನು ಇವರು ಜೆರಾಕ್ಸ್ ಅಂಗಡಿಯಲ್ಲಿ ಕಲಿಯುತ್ತಾರೆ, ಅದೂ ಗಡುವು ಮುಗಿದ ಮೇಲೆ.

ಹೊಲದ ಲೆಕ್ಕವನ್ನು ಕಾಲೇಜಿನ ವೇಳಾಪಟ್ಟಿ ಎಂದೂ ಕೇಳಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ವ್ಯಾಪಿಸಿಕೊಂಡವು. ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ ಇದೆ. ಹತ್ತಿ ಬಿಡಿಸುವ ಕೆಲಸ ಅಕ್ಟೋಬರ್ ಬಿಟ್ಟರೆ ನವೆಂಬರಿನಲ್ಲಿ ಶುರು, ಜನವರಿಯವರೆಗೂ ಎಳೆಯುತ್ತದೆ. ಕೂಲಿ ಕೆ.ಜಿ. ಲೆಕ್ಕದಲ್ಲಿ, ಹೀಗಾಗಿ ಮನೆಯಲ್ಲಿ ಎಷ್ಟು ಕೈಗಳಿವೆಯೋ ಅಷ್ಟು ದುಡಿಮೆ. ಪದವಿಯ ಮೊದಲ ಸೆಮಿಸ್ಟರ್ ಸರಿಯಾಗಿ ಕಾವೇರುವುದು, ಇಂಟರ್ನಲ್ ಪರೀಕ್ಷೆ ನಡೆಯುವುದು, ಹಾಜರಿ ಪಟ್ಟಿ ಗಟ್ಟಿಯಾಗುವುದು ಇದೇ ತಿಂಗಳುಗಳಲ್ಲಿ. ಇನ್ನು ಹೊಲವೇ ಇಲ್ಲದ ಮನೆಗಳು ಬೆಂಗಳೂರು, ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಅಪ್ಪ ಅವ್ವ ಹೋದ ಮೇಲೆ ಊರಲ್ಲಿ ಉಳಿದ ಅಜ್ಜಿಯನ್ನೂ ತಮ್ಮ ತಂಗಿಯರನ್ನೂ ನೋಡಿಕೊಳ್ಳುವ ಹೊಣೆ ಡಿಗ್ರಿ ಓದುವ ಮಗಳ ಮೇಲೆ ಬೀಳುತ್ತದೆ. ‘ಕ್ಲಾಸಿಗೆ ಬರುವುದಿಲ್ಲ’ ಎಂದು ಉಪನ್ಯಾಸಕರು ದೂರುವಾಗ ಇದು ಲೆಕ್ಕಕ್ಕೆ ಬರಬೇಕು. ಸೋಮಾರಿತನದಿಂದ ತಪ್ಪಿಸುವವರೂ ಇದ್ದಾರೆ, ಇಲ್ಲವೆನ್ನುವಷ್ಟು ಮುಗ್ಧತೆ ನನಗಿಲ್ಲ. ಆದರೆ ಗೈರುಹಾಜರಿ ಯಾವ ವಾರ ಏರುತ್ತದೆ, ಯಾವ ಊರಿನ ಮಕ್ಕಳಲ್ಲಿ ಏರುತ್ತದೆ ಎಂದು ಹಾಜರಿ ಪುಸ್ತಕವನ್ನೇ ತೆರೆದು ನೋಡಿದರೆ ಸೋಮಾರಿತನಕ್ಕೂ ಸುಗ್ಗಿಗೂ ವ್ಯತ್ಯಾಸ ಗೊತ್ತಾಗುತ್ತದೆ. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿಸಿತು, ಅದು ಸಣ್ಣ ಮಾತಲ್ಲ. ಆದರೂ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಹಾಗೆಯೇ ಉಳಿದಿದೆ. ಕೊನೆಯ ಪಿರಿಯಡ್ಡು ಮುಗಿಯುವುದಕ್ಕೂ ಹಳ್ಳಿಯ ಬಸ್ಸು ಹೊರಡುವುದಕ್ಕೂ ತಾಳೆ ಬೀಳದಿದ್ದರೆ ಹುಡುಗಿ ಬಿಡುವುದು ಬಸ್ಸನ್ನಲ್ಲ, ಪಿರಿಯಡ್ಡನ್ನು. ಹುಡುಗರು ಟಂಟಂ ಹಿಡಿದಾದರೂ ಬಂದಾರು.

ಪಾಠಕ್ಕೆ ಬಂದವರಿಗೆ ಪಾಠವಾದರೂ ಸಿಗುತ್ತದೆಯೇ? ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. ಅವರ ನೇಮಕ ವರ್ಷ ವರ್ಷ ಹೊಸದಾಗಿ ಆಗಬೇಕು: ಅರ್ಜಿ, ಕೌನ್ಸೆಲಿಂಗ್, ಕಾರ್ಯಭಾರದ ಲೆಕ್ಕ. ತರಗತಿ ಆರಂಭವಾದರೂ ಈ ಪ್ರಕ್ರಿಯೆ ಮುಗಿದಿರುವುದಿಲ್ಲ. 2023ರ ನವೆಂಬರ್ ಕೊನೆಯಲ್ಲಿ ಸೇವಾ ಕಾಯಮಾತಿ ಕೇಳಿ ಅವರು ತರಗತಿ ಬಹಿಷ್ಕರಿಸಿ ಧರಣಿ ಕೂತಾಗ ವಾರಗಟ್ಟಲೆ ಪಾಠ ನಿಂತಿತು. ಅವರ ಬೇಡಿಕೆ ಅನ್ಯಾಯದ್ದೆಂದು ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಅತಿಥಿಯಾಗಿಯೇ ಇರಿಸಿಕೊಳ್ಳುವ ಮನೆಯ ಯಜಮಾನನ ತಪ್ಪು ಅದಕ್ಕಿಂತ ದೊಡ್ಡದು. ಆದರೆ ಇದರ ಪೆಟ್ಟು ಎಲ್ಲರಿಗೂ ಒಂದೇ ಸಮನಾಗಿ ಬೀಳುವುದಿಲ್ಲ. ಮೂರನೆಯ ವರ್ಷದವನಿಗೆ ಕಾಲೇಜಿನ ಒಳದಾರಿಗಳು ಗೊತ್ತು, ಸೀನಿಯರುಗಳ ನೋಟ್ಸು ಇದೆ. ಮೊದಲ ವರ್ಷದವನು ಬಂದ ಹದಿನೈದು ದಿನದಲ್ಲಿ ಕಲಿಯುವುದು ಒಂದೇ ಪಾಠ: ಬೆಳಿಗ್ಗೆ ಬಸ್ಸು ಹತ್ತಿ ಬಂದು ಕೂತರೆ ಎರಡು ಪಿರಿಯಡ್ಡು ನಡೆದೀತು, ಉಳಿದದ್ದು ಖಾಲಿ, ಇದಕ್ಕಿಂತ ಕೂಲಿಗೆ ಹೋಗುವುದು ಮೇಲು. ಆ ಲೆಕ್ಕಾಚಾರ ಪೂರ್ತಿ ಸರಿಯಾಗಿಯೇ ಇದೆ. ತೊಂದರೆ ಏನೆಂದರೆ ಒಮ್ಮೆ ಕಲಿತ ಈ ರೂಢಿ ಉಪನ್ಯಾಸಕರು ಬಂದ ಮೇಲೂ ಬಿಡುವುದಿಲ್ಲ. ಇದರ ಮೇಲೆ ಪಠ್ಯಕ್ರಮದ ಗೊಂದಲ ಬೇರೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ತಂದರು, 2024–25ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದರು. ಯಾವ ನೀತಿ ಮೇಲು ಎಂಬ ಚರ್ಚೆ ಇಲ್ಲಿ ಬೇಡ. ಎರಡೂ ಸಲ ಪುಸ್ತಕವಿಲ್ಲದ ಹೊಸ ಪಠ್ಯ ಬಂದದ್ದು ಮೊದಲ ವರ್ಷದವರ ಮಡಿಲಿಗೆ.

ಕಾಗದ ಪತ್ರದ ಕತೆಯಂತೂ ಇನ್ನೊಂದು ಕೋರ್ಸು. ಪ್ರವೇಶಕ್ಕೆ, ಪರೀಕ್ಷಾ ಶುಲ್ಕಕ್ಕೆ, ಫಲಿತಾಂಶಕ್ಕೆ ಯುಯುಸಿಎಂಎಸ್ ಪೋರ್ಟಲ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, 371(ಜೆ) ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿ ಕಚೇರಿ, ಇವೆಲ್ಲಕ್ಕೂ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ₹1,500ರಂತೆ ಹತ್ತು ತಿಂಗಳು ನೆರವು ಇದೆ. ಆ ದುಡ್ಡು ಒಂದು ಸುಗ್ಗಿಯ ಕೂಲಿಗೆ ಎದುರು ನಿಲ್ಲಬಲ್ಲದು, ಆದರೆ ಹೆಸರಿನ ಇಂಗ್ಲಿಷ್ ಅಕ್ಷರ ಆಧಾರಿನಲ್ಲೊಂದು ಬಗೆ, ಅಂಕಪಟ್ಟಿಯಲ್ಲೊಂದು ಬಗೆ ಇದ್ದರೆ ಅರ್ಜಿ ಅಲ್ಲೇ ನಿಂತಿತು. ಸಂವಿಧಾನದ 98ನೇ ತಿದ್ದುಪಡಿ ತಂದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟುಗಳನ್ನೂ ಉಳಿದ ಕರ್ನಾಟಕದಲ್ಲಿ ಶೇ 8 ಸೀಟುಗಳನ್ನೂ ಇಲ್ಲಿಯ ಮಕ್ಕಳಿಗೆ ಮೀಸಲಿಟ್ಟಿದೆ. ಅದು ದೊಡ್ಡ ಹೋರಾಟದ ಫಲ. ಆದರೆ ಸೀಟು ಕೊಡುವುದು ಒಂದು ದಿನದ ಕೆಲಸ, ಆ ಸೀಟಿನಲ್ಲಿ ಕೂತವರನ್ನು ಮೂರು ವರ್ಷ ಉಳಿಸಿಕೊಳ್ಳುವುದರ ಬಗ್ಗೆ ಯಾವ ವಿಧಿಯೂ ಮಾತಾಡುವುದಿಲ್ಲ.

ಭಾಷೆಯ ವಿಚಾರಕ್ಕೆ ಬಂದರೆ, ಈ ಸೀಮೆಗೆ ಒಂದು ಹಳೆಯ ಉದಾಹರಣೆ ಇದೆ; ಅದನ್ನು ನಾವು ಮರೆತಂತಿದೆ. ಯಾದಗಿರಿ, ಸುರಪುರ, ಶಹಾಪುರ ಹೈದರಾಬಾದ್ ಸಂಸ್ಥಾನದೊಳಗಿದ್ದಾಗ ನಿಜಾಮ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತೆರೆದ. ಅಲ್ಲಿ ಇಂಗ್ಲಿಷಿನ ಬದಲು ಉರ್ದು ಬೋಧನಾ ಮಾಧ್ಯಮ. ಅದಕ್ಕೂ ಒಂದು ವರ್ಷ ಮೊದಲು, 1917ರಲ್ಲೇ, ಒಂದು ಭಾಷಾಂತರ ಕಚೇರಿ ಸ್ಥಾಪಿಸಿ ವಿಜ್ಞಾನ, ಇತಿಹಾಸ, ಕಾನೂನುಗಳ ಪಠ್ಯಗಳನ್ನು ಉರ್ದುವಿಗೆ ತರುವ ಕೆಲಸ ಆರಂಭಿಸಿದರು. ವಿದ್ಯಾರ್ಥಿ ಬರುವ ಮುಂಚೆ ಪುಸ್ತಕ ಸಿದ್ಧವಿರಬೇಕು ಎಂಬ ಸಾದಾ ವಿವೇಕ ಅದು. ಕನ್ನಡದ ಹುಡುಗರಿಗೆ ಆ ಉರ್ದುವೂ ಪರಭಾಷೆಯೇ ಆಗಿತ್ತು. ಸಂಸ್ಥಾನದ ಬಹುಪಾಲು ಪ್ರಜೆಗಳ ಮಾತನ್ನು ಬದಿಗಿಟ್ಟ ಆ ನೀತಿಯನ್ನು ಹೊಗಳಲಾರೆ. ಆದರೂ ಒಂದು ಅರಸೊತ್ತಿಗೆ ತನಗೆ ಬೇಕಾದ ಭಾಷೆಗಾಗಿ ನೂರು ವರ್ಷದ ಹಿಂದೆ ಮಾಡಿ ತೋರಿಸಿದ್ದನ್ನು ಜನರಾಜ್ಯ ಕನ್ನಡಕ್ಕಾಗಿ ಇನ್ನೂ ಪೂರ್ತಿ ಮಾಡಿಲ್ಲ. ಕಲಾ ವಿಭಾಗದಲ್ಲಿ ಕನ್ನಡದಲ್ಲಿ ಬರೆಯುವ ದಾರಿ ಇದೆ, ಗುಣಮಟ್ಟದ ಪುಸ್ತಕ ವಿರಳ. ಕೈಗೆ ಸಿಗುವುದು ಗೈಡು. ವಿಜ್ಞಾನದಲ್ಲಂತೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುನಲ್ಲಿ ಇಂಗ್ಲಿಷನ್ನು ಉರುಹೊಡೆದು ದಾಟಿದವರು ಬಿ.ಎಸ್ಸಿ.ಯ ಮೊದಲ ಸೆಮಿಸ್ಟರಿನಲ್ಲಿ ಕೈಚೆಲ್ಲುತ್ತಾರೆ. ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಲ್ಲೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲಿನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿತು. ಪುಸ್ತಕವಿಲ್ಲದೆ ಬರಿಯ ಅನುಮತಿಯಿಂದ ಏನಾದೀತು? ಇಂಗ್ಲಿಷ್ ಬೇಡವೆಂದು ಇಲ್ಲಿಯ ಯಾವ ತಾಯಿ ತಂದೆಯೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ವಿಷಯವನ್ನು ಕನ್ನಡದಲ್ಲಿ ತಿಳಿದುಕೊಂಡು, ಅದೇ ವಿಷಯದ ಇಂಗ್ಲಿಷ್ ಮಾತುಗಳನ್ನು ಪಕ್ಕದಲ್ಲೇ ಕಲಿಯುವ ಎರಡು ಭಾಷೆಯ ಪಠ್ಯ ಬೇಕು. ರಾಯಚೂರಿನ ವಿಶ್ವವಿದ್ಯಾಲಯ ಹತ್ತು ಮುಖ್ಯ ಪತ್ರಿಕೆಗಳಿಗೆ ಅಂಥ ಪುಸ್ತಕ ಬರೆಸಿದರೆ ಎರಡೂ ಜಿಲ್ಲೆಗಳ ಕಾಲೇಜುಗಳಿಗೆ ಸಾಕು.

ಇಂಥ ಏರ್ಪಾಡುಗಳಿಂದ ನಿಜಕ್ಕೂ ಫಲವಿದೆಯೇ ಎಂದು ಕೇಳುವವರಿಗೆ ನ್ಯೂಯಾರ್ಕ್ ನಗರದ ಉತ್ತರವಿದೆ. ಅಲ್ಲಿಯ ಸಿಟಿ ವಿಶ್ವವಿದ್ಯಾಲಯ ತನ್ನ ಸಮುದಾಯ ಕಾಲೇಜುಗಳಲ್ಲಿ 2007ರಲ್ಲಿ ‘ಎಎಸ್‌ಎಪಿ’ ಎಂಬ ಕಾರ್ಯಕ್ರಮ ತಂದಿತು. ಓದುವವರು ಬಡ ಮನೆಗಳ ಮಕ್ಕಳು, ಮೂಲಪಾಠದಲ್ಲಿ ಹಿಂದೆ ಬಿದ್ದವರು. ಕೊಟ್ಟದ್ದರಲ್ಲಿ ಮಾಯಾಮಂತ್ರವೇನೂ ಇರಲಿಲ್ಲ: ಮೇಲಿಂದ ಮೇಲೆ ಭೇಟಿಯಾಗುವ ಒಬ್ಬ ಸಲಹೆಗಾರ, ಹೆಚ್ಚುವರಿ ಪಾಠ, ಪುಸ್ತಕದ ಖರ್ಚು, ಓಡಾಟಕ್ಕೆ ಉಚಿತ ಪಾಸು, ಎಲ್ಲರ ವೇಳೆಗೆ ಹೊಂದುವ ತರಗತಿ. ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಪದವಿ ಮುಗಿಸಿದವರು ಈ ನೆರವು ಪಡೆದವರಲ್ಲಿ ಶೇ 40, ಪಡೆಯದವರಲ್ಲಿ ಶೇ 22. ನಂತರ ಒಹಾಯೊ ರಾಜ್ಯದ ಮೂರು ಕಾಲೇಜುಗಳಲ್ಲಿ ಮಾಡಿ ನೋಡಿದಾಗಲೂ ಹೆಚ್ಚುಕಡಿಮೆ ಇಮ್ಮಡಿ ಫಲ ಬಂತು. ಮಕ್ಕಳು ಅವರೇ, ಬುದ್ಧಿ ಅದೇ, ಬದಲಾದದ್ದು ಕಾಲೇಜು. ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಓದು ಬಿಡುವವರ ಬಗ್ಗೆ ವಾದಿಸಿದ್ದೂ ಬಹುಪಾಲು ಇದನ್ನೇ: ಬಿಟ್ಟುಹೋಗುವುದಕ್ಕೆ ಕಾರಣವನ್ನು ಹೋದವನೊಳಗೆ ಮಾತ್ರ ಹುಡುಕದೆ ಅವನನ್ನು ಸೇರಿಸಿಕೊಳ್ಳದ ಸಂಸ್ಥೆಯೊಳಗೂ ಹುಡುಕಬೇಕು. ನಮ್ಮಲ್ಲೂ ಯುಜಿಸಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಹೊಸಬರಿಗೆ ಕಾಲೇಜನ್ನು ಪರಿಚಯಿಸುವ ಮಾರ್ಗಸೂಚಿ ಹೊರಡಿಸಿದೆ. ಅದು ಎಷ್ಟೋ ಕಡೆ ಶಾಲು, ಹಾರ, ಮುಖ್ಯ ಅತಿಥಿಯ ಭಾಷಣ, ಉಪ್ಪಿಟ್ಟಿನೊಂದಿಗೆ ಒಂದೇ ಬೆಳಿಗ್ಗೆಯಲ್ಲಿ ಮುಗಿಯುವ ಸಮಾರಂಭವಾಗಿದೆ.

ಹದಿನೆಂಟು ತುಂಬಿದವರು, ಮತ ಹಾಕುವವರು, ಅವರ ಕೈ ಹಿಡಿದು ನಡೆಸಬೇಕೇ, ಹಾಗೆ ನಡೆಸಿದರೆ ಸ್ವಂತ ಕಾಲ ಮೇಲೆ ನಿಲ್ಲುವುದು ಯಾವಾಗ ಎಂಬ ಆಕ್ಷೇಪ ಮೊದಲು ಬರುತ್ತದೆ. ಹಿಂದಿನವರು ಬುಡ್ಡಿ ದೀಪದಲ್ಲಿ ಓದಿ, ಮಠದ ಪ್ರಸಾದ ನಿಲಯದಲ್ಲಿ ಉಂಡು ದೊಡ್ಡವರಾದರು ಎಂಬ ಮಾತು ಇದರ ಬೆನ್ನಿಗಿರುತ್ತದೆ. ಅವರ ಛಲಕ್ಕೆ ನಮಸ್ಕಾರ. ಆದರೆ ಬುಡ್ಡಿ ದೀಪದಲ್ಲಿ ಓದಿ ಮೇಲೆ ಬಂದವರ ಹೆಸರು ನಮಗೆ ಗೊತ್ತು, ಅದೇ ದೀಪದಡಿ ಓದು ಬಿಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ. ಮೇಲಾಗಿ ಆ ಪ್ರಸಾದ ನಿಲಯ ಏನು? ಊಟ, ವಸತಿ, ಕಣ್ಣಿಟ್ಟು ನೋಡುವ ಒಬ್ಬ ಹಿರಿಯ. ಹಿಂದಿನವರಿಗೂ ಆಸರೆ ಇತ್ತು, ನೆನಪಿನಲ್ಲಿ ಉಳಿದದ್ದು ಕಷ್ಟ ಮಾತ್ರ. ಸ್ವಾವಲಂಬನೆಯ ಪ್ರಶ್ನೆಯಲ್ಲಿಯೂ ಒಂದು ಗೊಂದಲವಿದೆ. ಹತ್ತಿ ಹೊಲದಲ್ಲಿ ದುಡಿದು, ಮನೆ ನಿಭಾಯಿಸಿ, ಪರೀಕ್ಷೆಗೂ ಕೂರುವ ಹುಡುಗಿಗೆ ಸ್ವಾವಲಂಬನೆ ಕಲಿಸುವಂಥದ್ದು ಕಾಲೇಜಿನಲ್ಲಿ ಏನೂ ಇಲ್ಲ. ಅವಳಿಗಿಲ್ಲದ್ದು ಮಾಹಿತಿ, ಪುಸ್ತಕ ಮತ್ತು ಸಕಾಲಕ್ಕೆ ಬರುವ ಉಪನ್ಯಾಸಕರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಬುನಾದಿಯೇ ಸರಿಯಿಲ್ಲದ ಮೇಲೆ ಡಿಗ್ರಿಯಲ್ಲಿ ಏನು ಮಾಡಿದರೇನು, ದುಡ್ಡು ಖರ್ಚು ಮಾಡುವುದಿದ್ದರೆ ಪ್ರಾಥಮಿಕ ಶಾಲೆಗೆ ಮಾಡಿ ಎನ್ನುತ್ತಾರೆ. ಅರ್ಧ ನಿಜ. ಮೂರನೆಯ ತರಗತಿಯಲ್ಲಿ ಓದಲು ಬಾರದ ಮಗು ಹದಿನೆಂಟರಲ್ಲಿ ಇದ್ದಕ್ಕಿದ್ದಂತೆ ಓದುವುದಿಲ್ಲ. ಹಾಗೆಂದು ಇಂದು ಹದಿನೆಂಟರಲ್ಲಿರುವವರನ್ನು ಇನ್ನು ಹನ್ನೆರಡು ವರ್ಷದ ನಂತರ ಶಾಲೆಗಳು ಸುಧಾರಿಸುತ್ತವೆ ಎಂಬ ಭರವಸೆಯ ಮೇಲೆ ಕಾಯಿಸಲಾಗದು. ಮತ್ತೆ ಆ ಪ್ರಾಥಮಿಕ ಶಾಲೆಗಳಿಗೆ ನಾಳೆಯ ಶಿಕ್ಷಕರು ಎಲ್ಲಿಂದ ಬರುತ್ತಾರೆ? ಇದೇ ಕಾಲೇಜುಗಳಿಂದ. ದುಡ್ಡಿನ ಮಾತಿಗೆ ಬಂದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ₹5,000 ಕೋಟಿ ಘೋಷಿಸುವ ಪರಿಪಾಠ ಈಗ ಬೆಳೆದಿದೆ. ಕಟ್ಟಡ, ಕಾಂಪೌಂಡು, ಸಿ.ಸಿ. ರಸ್ತೆಗೆ ಶಿಲಾನ್ಯಾಸದ ಫಲಕ ಹಾಕಬಹುದು, ಸಲಹೆಗಾರರ ಸಂಬಳಕ್ಕೆ ಫಲಕ ಹಾಕಲಾಗದು. ಅಡ್ಡಿ ಅದೊಂದೇ ಇದ್ದೀತು. ನ್ಯೂಯಾರ್ಕಿನಲ್ಲಿ ಒಬ್ಬ ವಿದ್ಯಾರ್ಥಿಯ ಮೇಲಿನ ಖರ್ಚು ಹೆಚ್ಚಿತು ನಿಜ, ಆದರೆ ಪದವಿ ಮುಗಿಸಿದವರ ಸಂಖ್ಯೆಯಿಂದ ಭಾಗಿಸಿ ನೋಡಿದಾಗ ಒಂದು ಪದವಿಗೆ ತಗಲಿದ ಖರ್ಚು ಮೊದಲಿಗಿಂತ ಕಡಿಮೆಯೇ ಬಂತು. ಅರ್ಧಕ್ಕೆ ಬಿಟ್ಟ ಓದಿಗೂ ಸರ್ಕಾರ ಸಂಬಳ, ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ ಕೊಟ್ಟೇ ಇರುತ್ತದೆ. ಅದರಿಂದ ಬಂದದ್ದೇನೂ ಇಲ್ಲ. ಮೊಬೈಲಿನಿಂದ ಮಕ್ಕಳು ಹಾಳಾದರು ಎಂಬ ಮೂರನೆಯ ಆಕ್ಷೇಪಕ್ಕೆ ಹೆಚ್ಚು ಜಾಗ ಬೇಡ: ಉಡುಪಿಯ ಮಕ್ಕಳ ಕೈಯಲ್ಲೂ ಮೊಬೈಲ್ ಇದೆ.

ಹೆಚ್ಚು ದುಡ್ಡಿಲ್ಲದೆ ಬರುವ ವರ್ಷವೇ ಆಗಬಹುದಾದ ಕೆಲಸಗಳಿವೆ. ಅತಿಥಿ ಉಪನ್ಯಾಸಕರ ಪಟ್ಟಿಯನ್ನು ಪ್ರವೇಶದ ದಿನಕ್ಕಿಂತ ಮೊದಲು ಮುಗಿಸುವುದು ಕಾಲೇಜು ಶಿಕ್ಷಣ ಇಲಾಖೆಯ ಕೈಯಲ್ಲಿದೆ. ಒಂದು ವೇಳೆ ಎಲ್ಲರಿಗೂ ಆಗದಿದ್ದರೆ, ಇರುವ ಕಾಯಂ ಉಪನ್ಯಾಸಕರನ್ನು ಮೊದಲ ಸೆಮಿಸ್ಟರಿಗೆ ಹಾಕಿ, ಖಾಲಿ ಪಿರಿಯಡ್ಡನ್ನು ಕಾಲೇಜಿಗೆ ಪಳಗಿದ ಮೂರನೆಯ ವರ್ಷದವರು ಸಹಿಸಿಕೊಳ್ಳಲಿ. ಹತ್ತಿ ಸುಗ್ಗಿಯ ವಾರಗಳಲ್ಲಿ ಇಂಟರ್ನಲ್ ಇಡದಂತೆ ವೇಳಾಪಟ್ಟಿಯನ್ನು ಯಾದಗಿರಿ, ರಾಯಚೂರು ಜಿಲ್ಲೆಗಳ ಮಟ್ಟಿಗೆ ವಿಶ್ವವಿದ್ಯಾಲಯವೇ ಹೊಂದಿಸಿಕೊಳ್ಳಬಹುದು. ಎರಡೇ ಜಿಲ್ಲೆಯ ವಿಶ್ವವಿದ್ಯಾಲಯ ಬೇಕೆಂದು ಕೇಳಿದ್ದು ಹತ್ತಿರದ ಆಡಳಿತಕ್ಕಾಗಿ ತಾನೇ? ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೋ ಮ್ಯಾನೇಜರ್ ಮತ್ತು ಪ್ರಾಂಶುಪಾಲರು ವರ್ಷಕ್ಕೊಮ್ಮೆ ಒಂದು ಮೇಜಿನ ಸುತ್ತ ಕೂತರೆ ಬಸ್ಸಿಗೂ ಕೊನೆಯ ಪಿರಿಯಡ್ಡಿಗೂ ತಾಳೆ ಬೀಳುತ್ತದೆ. ಪ್ರವೇಶದ ವಾರ ನಾಡಕಚೇರಿಯ ಒಬ್ಬ ಸಿಬ್ಬಂದಿ ಕಾಲೇಜಿನಲ್ಲೇ ಕೂತು ಅರ್ಜಿ ಪಡೆದರೆ ನೂರಾರು ಮಕ್ಕಳ ಕೂಲಿ ದಿನಗಳು ಉಳಿಯುತ್ತವೆ. ಮೂವತ್ತು ಮಕ್ಕಳಿಗೆ ಒಬ್ಬರಂತೆ ಉಪನ್ಯಾಸಕರನ್ನು ಗೊತ್ತುಪಡಿಸಿ, ವಾರಕ್ಕೊಮ್ಮೆ ಹಾಜರಿ ನೋಡಿ, ಎರಡು ವಾರ ಕಾಣದ ಹುಡುಗಿಯ ಮನೆಗೆ ಒಂದು ಫೋನ್ ಮಾಡುವ ವ್ಯವಸ್ಥೆ ಬೇಕು. ಆ ಕೆಲಸವನ್ನು ಅವರ ಕಾರ್ಯಭಾರದ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲವಾದರೆ ಮೆಂಟರ್ ಎಂಬ ಹೆಸರು ನ್ಯಾಕ್ ಸಮಿತಿಗೆ ತೋರಿಸುವ ಕಡತದೊಳಗೇ ಉಳಿಯುತ್ತದೆ.

ಇದಕ್ಕೆಲ್ಲ ಮೊದಲು ಬೇಕಾದದ್ದು ಎರಡು ಅಂಕಿ. ಪ್ರತಿ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿಗೆ ಹೆಸರು ಹಚ್ಚಿದವರು ಎಷ್ಟು, ಅವರಲ್ಲಿ ಎರಡನೆಯ ವರ್ಷದ ಪ್ರವೇಶಕ್ಕೆ ಬಂದವರು ಎಷ್ಟು. ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ ಪ್ರತಿ ವಿದ್ಯಾರ್ಥಿಯ ಪ್ರವೇಶ, ಪರೀಕ್ಷೆ, ಫಲಿತಾಂಶ ದಾಖಲಾಗಿರುವುದರಿಂದ ಈ ಲೆಕ್ಕ ತೆಗೆಯಲು ಹೊಸ ಸಮಿತಿ ಬೇಡ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಜಿಲ್ಲಾಧಿಕಾರಿ, ಉಪನಿರ್ದೇಶಕರಿಂದ ಉತ್ತರ ಕೇಳುವ ಸರ್ಕಾರ, ಪದವಿಯಲ್ಲಿ ಉದುರಿಹೋದವರ ಬಗ್ಗೆ ಯಾವ ಪ್ರಾಂಶುಪಾಲರನ್ನೂ ಯಾವ ಕುಲಪತಿಯನ್ನೂ ಕೇಳುವುದಿಲ್ಲ. ಆ ಎರಡು ಅಂಕಿಗಳನ್ನು ವಿಶ್ವವಿದ್ಯಾಲಯ ಕಾಲೇಜುವಾರು, ಹೆಣ್ಣು ಗಂಡು ಬೇರೆ ಬೇರೆಯಾಗಿ, ಮುಂದಿನ ಪ್ರವೇಶ ಅಧಿಸೂಚನೆಯ ಜೊತೆಗೇ ಪ್ರಕಟಿಸಲಿ. ದೇವಾಪುರದ ಪಾಲಕರು ಸುರಪುರದ ಯಾವ ಕಾಲೇಜಿಗೆ ಮಗಳ ಹೆಸರು ಹಚ್ಚಬೇಕೆಂದು ಅದನ್ನು ನೋಡಿ ತೀರ್ಮಾನಿಸುತ್ತಾರೆ.